ಮಿಲಾ ಶೋನ್ ಡಬಲ್ ಫೇಸ್ ಕೋಟು: ಒಳಮೈ ನೋಡಿ ಕೊಳ್ಳಬೇಕಾದ ಬಟ್ಟೆ

ಹಳೆಯ ಮಿಲಾ ಶೋನ್ ಕೋಟೊಂದು ಮಾರಾಟಕ್ಕೆ ಬಂದಿದೆ ಎಂದಾದರೆ ಮಾರುವವರಿಂದ ಮೊದಲು ತರಿಸಿಕೊಳ್ಳಬೇಕಾದ್ದು ಒಳಮೈಯ ಫೋಟೊ. ಮುಂಭಾಗದ ಚಿತ್ರ, ಲೇಬಲ್ಲಿನ ಚಿತ್ರ ಆಮೇಲೆ ಬರಲಿ. ಈ ಹೆಸರಿಗೆ ತಕ್ಕ ಡಬಲ್ ಫೇಸ್ ಕೋಟಿನಲ್ಲಿ, ಅಂದರೆ ಎರಡೂ ಮೈ ಹೊರಮೈಯಂತಿರುವ ಕೋಟಿನಲ್ಲಿ, ಲೈನಿಂಗ್ ಇರುವುದಿಲ್ಲ. ಗಡುಸಾಗಿಸಲು ಒಳಗಿಡುವ ಬಕ್ರಂ ಇಲ್ಲ, ಓವರ್‌ಲಾಕ್ ಮಾಡಿದ ಅಂಚಿಲ್ಲ, ಎಲ್ಲಿಂದಲೂ ಒಂದು ಎಳೆ ನೂಲು ಇಣುಕುವುದಿಲ್ಲ. ಮಗುಚಿ ಹಾಕಿದರೆ ಇನ್ನೊಂದು ಕೋಟು ಸಿಕ್ಕ ಹಾಗಿರುತ್ತದೆ, ಅಷ್ಟೇ ಚೊಕ್ಕ, ಬಣ್ಣ ಮಾತ್ರ ಬೇರೆ. ಮಿಲಾನಿನ ಈ ಫ್ಯಾಷನ್ ಹೌಸ್ ಹೆಸರು ಮಾಡಿದ್ದೇ ಈ ಒಂದು ಕೆಲಸದಿಂದ. ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಪಾಲು ಕೋಟಿನ ಬಗ್ಗೆಯೇ. ಅದೇ ಹೆಸರಿನ ಟೈ, ಸ್ಕಾರ್ಫು, ಪರ್ಸುಗಳಿಗೆ ಕೊನೆಯಲ್ಲಿ ನಾಲ್ಕು ಮಾತು ಸಾಕು.

ಮಿಲಾ ಶೋನ್ ದರ್ಜಿ ಮನೆತನದಿಂದ ಬಂದವರಲ್ಲ. ಹುಟ್ಟುಹೆಸರು ಮರಿಯಾ ಕಾರ್ಮೆನ್ ನುಟ್ರಿಟ್ಸಿಯೊ. ಊರು ಡಾಲ್ಮೇಷಿಯಾ ಕರಾವಳಿಯ ತ್ರೊಗಿರ್, ಈಗದು ಕ್ರೊಯೇಷಿಯಾದಲ್ಲಿದೆ. ಮನೆಯವರು ಟ್ರಿಯೆಸ್ಟೆಗೆ ಬಂದು, ಅಲ್ಲಿಂದ ಮಿಲಾನ್ ಸೇರಿದರು. ಬೆಲೆಬಾಳುವ ಲೋಹಗಳ ವ್ಯಾಪಾರಿ ಔರೇಲಿಯೊ ಶೋನ್ ಅವರನ್ನು ಮದುವೆಯಾದ ಕಾಲದಲ್ಲಿ ಆಕೆ ಪ್ಯಾರಿಸ್ಸಿನ ಹೆಸರಾಂತ ವಸ್ತ್ರವಿನ್ಯಾಸಕ ಬಾಲೆನ್ಸಿಯಾಗಾ ಬಳಿ ಬಟ್ಟೆ ಹೊಲಿಸಿಕೊಳ್ಳುತ್ತಿದ್ದ ಗಿರಾಕಿ. ಮದುವೆ ಮುರಿದು, ದುಡಿದೇ ಬದುಕಬೇಕಾದಾಗ 1958ರಲ್ಲಿ ಮಿಲಾನಿನಲ್ಲಿ ಸಣ್ಣ ಅಟೆಲಿಯೆ, ಅಂದರೆ ಹೊಲಿಗೆಮನೆ, ತೆರೆದರು. ಟ್ರಯಲ್ ರೂಮಿನಲ್ಲಿ ಗಂಟೆಗಟ್ಟಲೆ ನಿಂತು ಕಲಿತ ಕಣ್ಣು ಅದು. ತೋಳೆತ್ತಿದರೆ ಕೋಟು ಮೇಲೇರುತ್ತದೆಯೇ, ಕೂತೆದ್ದರೆ ಅಂಚು ತಿರುಚುತ್ತದೆಯೇ ಎಂಬುದು ಹಾಕಿಕೊಂಡವರಿಗೆ ಗೊತ್ತಾದಷ್ಟು ಕಾಗದದ ಮೇಲೆ ಡಿಸೈನ್ ಬರೆದವರಿಗೆ ಗೊತ್ತಾಗದು. ಆಕೆಯ ಕಟಿಂಗಿನಲ್ಲಿ ಈ ಗಿರಾಕಿಯ ಬುದ್ಧಿ ಎದ್ದು ಕಾಣುತ್ತದೆ.

ಆಗ ಇಟಲಿಯಲ್ಲಿ ದೊಡ್ಡ ಫ್ಯಾಷನ್ ಎಂದರೆ ರೋಮ್, ಫ್ಲಾರೆನ್ಸ್. ಉದ್ಯಮಿ ಜೊವಾನ್ನಿ ಬತ್ತಿಸ್ತಾ ಜೊರ್ಜಿನಿ 1951ರಲ್ಲಿ ಫ್ಲಾರೆನ್ಸಿನ ತಮ್ಮ ಮನೆಯಲ್ಲಿ ವಿದೇಶಿ ವರ್ತಕರಿಗಾಗಿ ಶುರು ಮಾಡಿದ ಪ್ರದರ್ಶನ, ಮರುವರ್ಷ ಪಿತ್ತಿ ಅರಮನೆಯ ಸಾಲಾ ಬಿಯಾಂಕಾಕ್ಕೆ ಹೋಯಿತು. ಬಿಳಿ ಸಭಾಂಗಣ ಎಂದು ಅದರರ್ಥ. ಮಿಲಾ ಶೋನ್ ಆ ವೇದಿಕೆ ಹತ್ತಿದ್ದು 1965ರಲ್ಲಿ. ಮುಂದಿನ ವರ್ಷ, 1966ರ ನವೆಂಬರ್ 28ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಅಮೆರಿಕದ ಲೇಖಕ ಟ್ರೂಮನ್ ಕಪೋಟಿ ಕೊಟ್ಟ ಕಪ್ಪು-ಬಿಳುಪು ನೃತ್ಯಕೂಟಕ್ಕೆ ಜಾಕಿ ಕೆನಡಿಯ ತಂಗಿ ಲೀ ರಾಡ್ಜಿವಿಲ್ ಉಟ್ಟು ಬಂದದ್ದು ಮಿಲಾ ಶೋನ್ ಅವರ ಬೆಳ್ಳಿ ಮಿಂಚಿನ ಗೌನು. 1969ರಲ್ಲಿ ಇಟಲಿಯ ವಿಮಾನ ಕಂಪನಿ ಅಲಿಟಾಲಿಯಾದ ಗಗನಸಖಿಯರ ಸಮವಸ್ತ್ರವೂ ಇವರ ಕೈಯದೇ. ಆ ಹೊತ್ತಿಗೆ ರೋಮ್, ಫ್ಲಾರೆನ್ಸುಗಳ ಜೊತೆ ಮಿಲಾನಿನ ಹೆಸರನ್ನೂ ಹೇಳುವಂತಾಗಿತ್ತು.

ಇನ್ನು ಬಟ್ಟೆಗೆ ಬರೋಣ.

ಡಬಲ್ ಫೇಸ್ ಎಂದರೆ ದಪ್ಪ ಉಣ್ಣೆ ಅಷ್ಟೇ ಅಲ್ಲ. ಒಂದೇ ಮಗ್ಗದಲ್ಲಿ, ಒಂದೇ ಸಲ, ಒಂದರ ಮೇಲೊಂದು ಎರಡು ಬಟ್ಟೆ ನೇಯಲಾಗುತ್ತದೆ. ಮೇಲಿನದಕ್ಕೆ ಅದರದೇ ಹಾಸು ಹೊಕ್ಕು, ಕೆಳಗಿನದಕ್ಕೆ ಅದರದೇ. ನಡುನಡುವೆ ತೆಳ್ಳನೆಯ ಕಟ್ಟುನೂಲೊಂದು ಎರಡನ್ನೂ ಹಿಡಿದು ನಿಲ್ಲಿಸುತ್ತದೆ. ಮೇಲಿನದು ಕೆಂಪು, ಕೆಳಗಿನದು ಬೂದು ಆಗಿರಬಹುದು. ಎರಡೂ ಒಂದೇ ಬಣ್ಣದ್ದಾಗಿರಲೂಬಹುದು. ಕೋಟಿಗೆ ಬಳಸುವ ತೂಕ ಸಾಮಾನ್ಯವಾಗಿ ಚದರ ಮೀಟರಿಗೆ 400ರಿಂದ 600 ಗ್ರಾಂ. ಕಟ್ಟುನೂಲನ್ನು ಕತ್ತರಿಸಿದರೆ ಎರಡು ಪದರ ಬೇರೆ ಬೇರೆಯಾಗುತ್ತವೆ. ಹೊಲಿಗೆಯ ಗುಟ್ಟೆಲ್ಲ ಇದರಲ್ಲೇ ಇದೆ.

ಒಂದು ಪಕ್ಕೆಹೊಲಿಗೆಯನ್ನು ಹತ್ತಿರದಿಂದ ನೋಡಿ. ತುಂಡುಗಳನ್ನು ಒಂದೊಂದಾಗಿಯೇ ಕತ್ತರಿಸಬೇಕು. ಬಟ್ಟೆ ಮಡಚಿಟ್ಟು ಜೋಡಿ ಕತ್ತರಿಸಿದರೆ ದಪ್ಪಕ್ಕೆ ಕೆಳಗಿನದು ಜಾರಿ ಎರಡು ತುಂಡಿನ ಅಳತೆ ಹೆಚ್ಚುಕಡಿಮೆಯಾಗುತ್ತದೆ. ಹೊಲಿಗೆಗೆ 1.5 ಸೆಂ.ಮೀ. ಬಿಟ್ಟಿದ್ದರೆ, ಅಂಚಿನಿಂದ 3 ಸೆಂ.ಮೀ. ಒಳಗೆ ಕಚ್ಚಾ ಹೊಲಿಗೆಯ ಒಂದು ಗೆರೆ ಹಾಕುತ್ತಾರೆ. ದುಪ್ಪಟ್ಟು ಯಾಕೆಂದರೆ, ಹೊಲಿದ ಮೇಲೆ ಬಿಡಿಸಿ ಇಸ್ತ್ರಿ ಮಾಡಿದ ಮಡಿಕೆ ಹೊಲಿಗೆಗೆರೆ ದಾಟಿ ಇನ್ನೂ 1.5 ಸೆಂ.ಮೀ. ಒಳಗೆ, ಎರಡು ಪದರಗಳ ನಡುವೆ ಮಲಗಬೇಕು. ಆ ಜಾಗ ಮೊದಲೇ ಸೀಳಿರಬೇಕು, ಅದಕ್ಕಿಂತ ಒಂದು ಎಳೆಯೂ ಹೆಚ್ಚು ಸೀಳಬಾರದು. ಕಚ್ಚಾ ಹೊಲಿಗೆ ಅಲ್ಲಿ ಅಣೆಕಟ್ಟಿನ ಕೆಲಸ ಮಾಡುತ್ತದೆ. ಆಮೇಲೆ ಅಂಚಿನ ಎರಡು ಪದರಗಳನ್ನು ಬೆರಳಲ್ಲಿ ಮೆಲ್ಲಗೆ ಅಗಲಿಸುತ್ತ, ನಡುವೆ ಬಿಗಿದು ನಿಂತ ಕಟ್ಟುನೂಲನ್ನು ಸಣ್ಣ ಕತ್ತರಿಯ ತುದಿಯಿಂದ ಒಂದೊಂದೇ ಕತ್ತರಿಸುವುದು. ಅವಸರಕ್ಕೆ ಜಗ್ಗಿದರೆ ನೂಲು ಬಟ್ಟೆಯ ಎಳೆಯನ್ನೂ ಹಿಡಿದೆಳೆದು ಮೇಲ್ಮೈಯಲ್ಲಿ ಗೀರು ಬೀಳುತ್ತದೆ. ಬ್ಲೇಡ್ ಬಳಸುವವರೂ ಇದ್ದಾರೆ, ಕೈ ನಡುಗಿದರೆ ತುಂಡೇ ಹಾಳು.

ಸೀಳಿದ ಮೇಲೆ ಹೊರಪದರಕ್ಕೆ ಹೊರಪದರ ಸೇರಿಸಿ ಮೆಷಿನ್ ಹೊಲಿಗೆ. ಅದನ್ನು ಬಿಡಿಸಿ, ಹಬೆ ಕೊಟ್ಟು, ಮರದ ತುಂಡಿನಿಂದ ಒತ್ತಿ ಹಿಡಿದು ತಣಿಸಬೇಕು. ಹಬೆ ಆರುವ ಮುಂಚೆ ಎತ್ತಿದರೆ ಮಡಿಕೆ ಮತ್ತೆ ಎದ್ದು ನಿಲ್ಲುತ್ತದೆ. ಒಳಪದರದ ಎರಡು ಅಂಚುಗಳನ್ನು ಒಳಕ್ಕೆ ಮಡಚಿ, ಮೆಷಿನ್ ಗೆರೆಯ ಸರಿಯಾಗಿ ಮೇಲೆ ಒಂದಕ್ಕೊಂದು ಮುಟ್ಟುವಂತೆ ಇಟ್ಟು, ಕೈಯಲ್ಲಿ ಕಾಣದ ಹೊಲಿಗೆ ಹಾಕುವುದು ಕೊನೆಯ ಹಂತ. ಸೂಜಿ ಮಡಿಕೆಯೊಳಗೇ ಓಡಿ, ಎದುರಿನ ಮಡಿಕೆಯ ಒಂದೆರಡು ಎಳೆ ಮಾತ್ರ ಎತ್ತಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಸೆಂಟಿಮೀಟರಿಗೆ ಮೂರು ಟಾಕೆಯಾದರೂ ಬೇಕು. ಮುಂಭಾಗದ ಅಂಚು, ಕೆಳಅಂಚು, ಕಾಲರಿನ ಸುತ್ತ ಇನ್ನೂ ಸರಳ: ಎರಡೂ ಪದರಗಳನ್ನು ಒಂದಕ್ಕೊಂದು ಎದುರಾಗಿ ಒಳಮಡಚಿ ತುದಿಯಲ್ಲೇ ಹೊಲಿದು ಬಿಡುತ್ತಾರೆ. ಮೂಲೆಗಳಲ್ಲಿ ಮಾತ್ರ ನಾಲ್ಕೈದು ಮಡಿಕೆ ಒಟ್ಟಾಗಿ ಗೆಡ್ಡೆ ಕಟ್ಟದಂತೆ ಒಳಗಿನ ಹೆಚ್ಚುವರಿ ತೆಗೆಯಬೇಕು. ಕೆಲಸಗಾರರ ಕೈ ಅಳೆಯಲು ಕಾಲರಿನ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿದರೆ ಸಾಕು. ಅಲ್ಲಿ ದಪ್ಪ ಉಳಿದ ಅಂಚಿನಷ್ಟೇ ಇರಬೇಕು.

ಮಂಡಿವರೆಗಿನ ಸಾದಾ ಕೋಟೊಂದರ ಲೆಕ್ಕ ಹಾಕಿ ನೋಡಬಹುದು. ಎರಡು ಪಕ್ಕೆ, ಬೆನ್ನಿನ ನಡುಗೆರೆ, ಭುಜ, ಕಂಕುಳ ಸುತ್ತು, ತೋಳು, ಮುಂಭಾಗದ ಅಂಚು, ಕೆಳಅಂಚು, ಕಾಲರು, ಮುಂಗೈ ಎಲ್ಲ ಸೇರಿ ಸುಮಾರು ಒಂಬತ್ತೂವರೆ ಮೀಟರ್. ಸೆಂಟಿಮೀಟರಿಗೆ ಮೂರರಂತೆ ಹಿಡಿದರೂ 2,800 ಟಾಕೆ ದಾಟುತ್ತದೆ. ಅಂಚುಗಳನ್ನು ಒಂದೇ ಸಲ, ತುಂಡು ಜೋಡಿಸುವ ಹೊಲಿಗೆಗಳನ್ನು ಎರಡೂ ಕಡೆ ಸೀಳಬೇಕಾದ್ದರಿಂದ ಕಟ್ಟುನೂಲು ಕತ್ತರಿಸಿದ ಉದ್ದ ಹದಿನಾಲ್ಕು ಮೀಟರಿನ ಮೇಲೆ. ಇದಕ್ಕೆ ಜೇಬು, ಕಾಜಾ ಸೇರಿಲ್ಲ. ಬೆಲೆ ಯಾಕೆ ಹಾಗೆ ಎಂದು ಕೇಳುವವರಿಗೆ ಉತ್ತರ ಈ ಲೆಕ್ಕದಲ್ಲಿದೆ.

ಉತ್ತರ ಕರ್ನಾಟಕದ ಕಸೂತಿ ಗೊತ್ತಿರುವವರಿಗೆ ಇದರ ಮರ್ಮ ಬೇಗ ಹಿಡಿಯುತ್ತದೆ. ಅದರ ಗವಂತಿ, ಮುರ್ಗಿ ಹೊಲಿಗೆಗಳೆರಡೂ ಬಟ್ಟೆಯ ಆಚೆ ಈಚೆ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಹಾಕುವಂತಿಲ್ಲ. ಇಳಕಲ್ ಸೀರೆಯ ಮೇಲಿನ ಕಸೂತಿಯನ್ನು ತಿರುಗಿಸಿ ನೋಡಿಯೇ ಬೆಲೆ ಹೇಳುವ ಹೆಂಗಸರು ಮಿಲಾನಿನ ಈ ಕೋಟಿಗೂ ಸರಿಯಾಗಿಯೇ ಬೆಲೆ ಕಟ್ಟಿಯಾರು.

ಕೆಡುವುದೂ ಒಂದು ಕ್ರಮದಲ್ಲೇ ಕೆಡುತ್ತದೆ. ಮೊದಲು ಬಿಚ್ಚುವುದು ಕಂಕುಳಿನ ಕೆಳಗಿನ ಒಳಹೊಲಿಗೆ. ತೋಳೆತ್ತಿದಾಗೆಲ್ಲ ಎಳೆತ ಬೀಳುವುದು ಅಲ್ಲಿಗೆ, ಬೆವರೂ ಅಲ್ಲಿಯೇ ನೂಲನ್ನು ತಿನ್ನುತ್ತದೆ. ಒಳಪದರ ಬಾಯಿ ಬಿಟ್ಟಿದ್ದರೂ ಹೊರಗಿನ ಮೆಷಿನ್ ಹೊಲಿಗೆ ಗಟ್ಟಿಯಿದ್ದರೆ ಭಯವಿಲ್ಲ, ಸಮಾಧಾನವಿರುವ ಯಾವ ದರ್ಜಿಯಾದರೂ ಒಂದು ಗಂಟೆಯಲ್ಲಿ ಮುಚ್ಚುತ್ತಾರೆ. ಜೇಬಿನ ಮೂಲೆಗಳದ್ದೂ ಇದೇ ಕಥೆ. ಅಂಚಿನ ಉದ್ದಕ್ಕೂ ಎರಡು ಮೂರು ಬೆರಳಗಲ ಬಟ್ಟೆ ಪೊಳ್ಳಾಗಿ, ಬೊಬ್ಬೆಯಂತೆ ಎದ್ದಿದ್ದರೆ ಅದು ಬೇರೆ ವಿಷಯ: ಸೀಳು ಗೆರೆ ದಾಟಿ ಒಳಗೆ ಹೋಗಿದೆ, ಕಟ್ಟುನೂಲು ಇಲ್ಲದ ಪದರಗಳು ತಮ್ಮಷ್ಟಕ್ಕೆ ಜೋಲುತ್ತಿವೆ. ಅದನ್ನು ಸರಿಪಡಿಸಿದ್ದು ಕಾಣದಂತೆ ಮಾಡುವುದು ಕಷ್ಟ.

ಹೊಲಿಗೆಯ ಎರಡೂ ಪಕ್ಕ ಹಳಿಯಂತೆ ಹೊಳೆಯುವ ಗೆರೆ ಕಂಡರೆ ಯಾರೋ ಡ್ರೈಕ್ಲೀನಿಂಗಿನ ಪ್ರೆಸ್ ಯಂತ್ರದಲ್ಲಿ ಚಪ್ಪಟೆ ಮಾಡಿದ್ದಾರೆ ಎಂದರ್ಥ. ಒಳಗಿನ ಮಡಿಕೆಯ ಅಚ್ಚು ಹೊರಗೆ ಮೂಡಿದೆ. ಹಬೆ, ಮೆತ್ತನೆ ಬ್ರಷ್ಷು ಸ್ವಲ್ಪ ಮಟ್ಟಿಗೆ ಎತ್ತುತ್ತವೆ, ಉಣ್ಣೆಯ ರೋಮ ಸವೆದೇ ಹೋಗಿದ್ದರೆ ಇಲ್ಲ. ಭುಜದ ತುದಿ ಮೂತಿಯಂತೆ ಚೂಪಾಗಿದ್ದರೆ ತಂತಿ ಹ್ಯಾಂಗರಿನ ಉಪಕಾರ. ಒಳಗೆ ಆಕಾರ ಹಿಡಿದಿಡುವ ಕ್ಯಾನ್ವಾಸ್ ಇಲ್ಲದ ಕೋಟು, ಒಂದೂವರೆ ಕಿಲೋ ಹತ್ತಿರದ ಭಾರ, ವರ್ಷಗಟ್ಟಲೆ ಎರಡು ಬಿಂದುವಿನ ಮೇಲೆ ನೇತಾಡಿದರೆ ಇನ್ನೇನಾಗುತ್ತದೆ?

ನುಸಿ ತಿಂದ ತೂತಿಗೆ ಬೆಳಕಿನ ಪರೀಕ್ಷೆ ಮಾಡಿ. ಕೋಟನ್ನು ಕಿಟಕಿಗೆ ಅಡ್ಡ ಹಿಡಿದಾಗ ಬೆಳಕು ತೂರಿ ಬಂದರೆ ಎರಡೂ ಪದರ ಹೋಗಿದೆ. ಬೆಳಕು ಬರದಿದ್ದರೆ ಒಂದೇ ಪದರ ತಿಂದಿದೆ, ಇನ್ನೊಂದು ಆಸರೆಯಾಗಿ ನಿಂತಿರುವುದರಿಂದ ರಫೂ ಚೆನ್ನಾಗಿ ಕೂರುತ್ತದೆ. ರಫೂಗೆ ಬೇಕಾದ ಅದೇ ಬಣ್ಣದ ನೂಲು ಕೋಟಿನ ಒಳಮಡಿಕೆಯಲ್ಲೇ ಸಿಗುತ್ತದೆ. ಒಳಹೊಲಿಗೆ ಎರಡಿಂಚು ಬಿಚ್ಚಿ, ಮಡಿಕೆಯ ತುದಿಯಿಂದ ಎಳೆ ತೆಗೆದುಕೊಂಡು ಮತ್ತೆ ಮುಚ್ಚಿದರಾಯಿತು.

ಆಲ್ಟರೇಷನ್ ವಿಷಯದಲ್ಲಿ ಈ ಕೋಟು ಬಹಳ ಮೊಂಡು. ಬಿಡಿಸಿ ದೊಡ್ಡದು ಮಾಡುವುದು ಇಲ್ಲವೆಂದೇ ತಿಳಿಯಿರಿ. ಒಳಗೆ ಬಿಟ್ಟಿರುವುದೇ ಸೆಂಟಿಮೀಟರ್ ಲೆಕ್ಕ, ಅದನ್ನೂ ದಪ್ಪ ಕಳೆಯಲು ಕತ್ತರಿಸಿರುತ್ತಾರೆ. ತೋಳು ಉದ್ದ ಮಾಡಲಾಗದು. ಗಿಡ್ಡ ಮಾಡಬಹುದು, ಆದರೆ ಹೊಸ ಅಂಚನ್ನು ಪೂರ್ತಿ ಮತ್ತೆ ಸೀಳಿ, ಮಡಚಿ, ಕೈಯಲ್ಲಿ ಹೊಲಿಯಬೇಕು. ಈ ಕೆಲಸ ತಿಳಿಯದವರು ಕೆಳಅಂಚನ್ನು ಸುಮ್ಮನೆ ಒಳಕ್ಕೆ ಮಡಚಿ ಮೆಷಿನ್ ಓಡಿಸಿರುತ್ತಾರೆ. ಅಂಥ ಕೋಟಿನ ಕೆಳಭಾಗ ಹಲಗೆಯಂತೆ ಗಡುಸಾಗಿ ನಿಲ್ಲುತ್ತದೆ. ಅದನ್ನು ಕಂಡರೆ ಚೌಕಾಸಿಗೆ ಒಳ್ಳೆ ಕಾರಣ ಸಿಕ್ಕಿತು.

ಹಾಗಾಗಿ ಅಳತೆ ಮೊದಲೇ ಸರಿ ಇರಬೇಕು. ಇಟಲಿಯ ಸೈಜ್ 42 ಎಂದರೆ ಹೆಚ್ಚುಕಡಿಮೆ ಬ್ರಿಟನ್ನಿನ 10, ಅಮೆರಿಕದ 6. ಹಳೆಯ ಕಾಲದ 42 ಇಂದಿನದಕ್ಕಿಂತ ಚಿಕ್ಕದು. ಮೈಅಳತೆಗೆ ಹೊಲಿದ ಕೋಟಿನಲ್ಲಿ ಸೈಜೇ ಇರುವುದಿಲ್ಲ. ನಂಬರು ಬಿಟ್ಟು ಟೇಪು ನಂಬಿ. ಕೋಟನ್ನು ಗುಂಡಿ ಹಾಕಿ ಚಪ್ಪಟೆ ಮಲಗಿಸಿ ಕಂಕುಳಿಂದ ಕಂಕುಳಿಗೆ ಅಳೆದು ದುಪ್ಪಟ್ಟು ಮಾಡಿದರೆ ಬರುವ ಅಂಕೆ ನಿಮ್ಮ ಎದೆಸುತ್ತಿಗಿಂತ 10ರಿಂದ 12 ಸೆಂ.ಮೀ. ಹೆಚ್ಚಿರಲಿ, ಒಳಗೆ ಸ್ವೆಟರ್ ಹಿಡಿಯಬೇಕಲ್ಲ. ಬೆನ್ನ ಮೇಲೆ ಭುಜದ ತುದಿಯಿಂದ ತುದಿಗೆ ಇನ್ನೊಂದು ಅಳತೆ ತೆಗೆಯಿರಿ. ಅದು ಹೊಂದದಿದ್ದರೆ ಬಿಟ್ಟುಬಿಡಿ, ಭುಜವನ್ನು ತಿದ್ದಲು ಹೋದವರು ಕೋಟು ಕಳೆದುಕೊಂಡಿದ್ದೇ ಹೆಚ್ಚು.

ಎರಡು ಮೂರು ಬಣ್ಣದ ರೇಖಾಕೃತಿಗಳಿರುವ ಕೋಟು ಈ ಹೌಸಿನ ಇನ್ನೊಂದು ಗುರುತು. ಬೇರೆ ಬೇರೆ ಬಣ್ಣದ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದದ್ದು, ಮೇಲೆ ಅಂಟಿಸಿದ್ದಲ್ಲ. ಗುಂಡಿ ಹಾಕಿದಾಗ ಎಡಬಲದ ಗೆರೆ ಒಂದಕ್ಕೊಂದು ಕೂಡಬೇಕು, ತೋಳಿನ ಗೆರೆ ಎದೆಯ ಗೆರೆಗೆ ಮುಂದುವರಿಕೆಯಂತೆ ಬೀಳಬೇಕು. ಗುಂಡಿಯ ಜಾಗ ಬದಲಿಸಿದ ಕೋಟುಗಳಲ್ಲಿ ಇದು ತಪ್ಪಿಹೋಗಿರುತ್ತದೆ. ಮಿಲಾ ಶೋನ್ ತಮ್ಮ ಕಾಲದ ಚಿತ್ರಕಲೆಯಿಂದ ಧಾರಾಳವಾಗಿ ತೆಗೆದುಕೊಂಡವರು. ಕಲಾವಿದ ಲುಚಿಯೊ ಫೊಂಟಾನಾ ಕ್ಯಾನ್ವಾಸನ್ನು ಚಾಕುವಿನಿಂದ ಸೀಳಿ ಇದೇ ಚಿತ್ರ ಎಂದದ್ದು 1958ರಲ್ಲಿ, ಅದೇ ಮಿಲಾನಿನಲ್ಲಿ, ಇವರು ಅಟೆಲಿಯೆ ತೆರೆದ ಅದೇ ವರ್ಷ. ಮುಂದೆ ಆ ಸೀಳು ಇವರ ಬಟ್ಟೆಗೂ ಬಂತು. ಎರಡು ಪದರ ಸೀಳುವುದೇ ಕಸುಬಾದವರಿಗೆ ಆ ಚಿತ್ರ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಡಬಲ್ ಫೇಸ್ ಎಂದು ಮಾರುವುದೆಲ್ಲ ಡಬಲ್ ಫೇಸ್ ಅಲ್ಲ. ಎರಡು ತೆಳು ಬಟ್ಟೆಯ ನಡುವೆ ಅಂಟಿನ ಪೊರೆ ಇಟ್ಟು ಬಿಸಿಯಲ್ಲಿ ಒತ್ತಿದ ಬಟ್ಟೆಯೂ ಅದೇ ಹೆಸರಲ್ಲಿ ಓಡಾಡುತ್ತದೆ. ನಾಲ್ಕಾರು ಸಲ ಡ್ರೈಕ್ಲೀನ್ ಆದ ಮೇಲೆ ಅಂಟು ಬಿಟ್ಟು ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಪತ್ತೆ ಸುಲಭ: ಒಳಹೊಲಿಗೆ ಸ್ವಲ್ಪ ಬಿಚ್ಚಿರುವ ಕಡೆ ಪದರಗಳನ್ನು ತುಸು ಅಗಲಿಸಿ. ಅಸಲಿಯಾದರೆ ನಡುವೆ ಜೇಡನ ಎಳೆಯಂತೆ ಕಟ್ಟುನೂಲು ಅಡ್ಡಡ್ಡ ನಿಂತಿರುತ್ತದೆ. ನಕಲಿಯಾದರೆ ಹೊಳೆಯುವ ಪೊರೆ ಅಥವಾ ಚುಕ್ಕಿ ಚುಕ್ಕಿ ಅಂಟು. ಎಲ್ಲೂ ಬಿಚ್ಚಿಲ್ಲದಿದ್ದರೆ ಬಟ್ಟೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಒಂದು ಪದರವನ್ನು ಇನ್ನೊಂದರ ಮೇಲೆ ಉಜ್ಜಿ. ಅಸಲಿಯಲ್ಲಿ ಕೂದಲೆಳೆಯಷ್ಟು ಜಾರುವಿಕೆ ಕೈಗೆ ತಿಳಿಯುತ್ತದೆ, ಅಂಟಿಸಿದ್ದು ಕದಲುವುದಿಲ್ಲ.

ಕಾಲ ಹಿಡಿಯಲು ಲೇಬಲ್ಲು ಸಹಾಯಕ್ಕೆ ಬರುವುದು ಇಷ್ಟರ ಮಟ್ಟಿಗೆ. ಉಣ್ಣೆಯ ಉಂಡೆಯಂತಿರುವ ವುಲ್‌ಮಾರ್ಕ್ ಚಿಹ್ನೆ ಬಂದದ್ದು 1964ರಲ್ಲಿ, ಅದಿದ್ದರೆ ಕೋಟು ಅದಕ್ಕಿಂತ ಹಿಂದಿನದಲ್ಲ. ಬಟ್ಟೆಯಲ್ಲಿ ಯಾವ ನಾರು ಎಷ್ಟಿದೆ ಎಂದು ಬರೆಯಲೇಬೇಕೆಂಬ ಇಟಲಿಯ ಕಾನೂನು 1973ರದು. ಶೇಕಡಾವಾರು ವಿವರದ ಇಟಾಲಿಯನ್ ಪಟ್ಟಿ ಇದ್ದರೆ ಹೆಚ್ಚಾಗಿ ಆಮೇಲಿನದು. ಇಲ್ಲವೆಂದ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಬೇಡಿ, ಚುಚ್ಚುತ್ತದೆಂದು ಪಟ್ಟಿ ಕತ್ತರಿಸಿ ಬಿಸಾಕಿದವರು ಎಲ್ಲ ಕಾಲದಲ್ಲೂ ಇದ್ದರು. 1993ರಲ್ಲಿ ಕಂಪನಿ ಜಪಾನಿನ ಇತೊಚು ಎಂಬ ವ್ಯಾಪಾರ ಸಂಸ್ಥೆಯ ಪಾಲಾಯಿತು. ಸಂಸ್ಥಾಪಕಿ ತೀರಿಕೊಂಡದ್ದು 2008ರಲ್ಲಿ. ಆನ್‌ಲೈನಿನಲ್ಲಿ ರಾಶಿ ಬಿದ್ದಿರುವ ಟೈ, ಕರವಸ್ತ್ರ, ಪರ್ಸು, ಬೆಲ್ಟುಗಳಲ್ಲಿ ಬಹುಪಾಲು ಹೆಸರನ್ನು ಪರವಾನಗಿಗೆ ಕೊಟ್ಟು ಮಾಡಿಸಿದ ಸರಕು. ಕೆಟ್ಟದ್ದೇನಲ್ಲ, ರೇಷ್ಮೆ ಟೈ ರೇಷ್ಮೆ ಟೈನಂತೆಯೇ ಇದೆ. ಆದರೆ ಮೇಲೆ ಹೇಳಿದ 2,800 ಟಾಕೆಗಳಿಗೂ ಅದಕ್ಕೂ ಸಂಬಂಧವಿಲ್ಲ, ಹೆಸರಿಗೆಂದು ದುಡ್ಡು ಹೆಚ್ಚು ಕೊಡಬೇಕಾಗಿಲ್ಲ.

ಮಣಿ, ಮಿಂಚುಬಿಲ್ಲೆ ಹೊಲಿದ ಸಂಜೆಯ ಗೌನುಗಳು ನೋಡಲು ಮಿಲಾ ಶೋನ್ ಅವರ ಅತ್ಯುತ್ತಮ ಕೆಲಸ, ಕೊಳ್ಳಲು ಅತ್ಯಂತ ಅಪಾಯದ್ದು. ಭಾರಕ್ಕೆ ತೆಳು ಬಟ್ಟೆ ಭುಜದಲ್ಲಿ ಹರಿಯುತ್ತದೆ. ನೇತುಹಾಕುವಂತಿಲ್ಲ, ಮಲಗಿಸಿಯೇ ಇಡಬೇಕು. ಅರುವತ್ತರ ದಶಕದ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ ಕೆಲವು ಡ್ರೈಕ್ಲೀನಿಂಗಿನ ರಾಸಾಯನಿಕಕ್ಕೆ ಬಣ್ಣ ಬಿಡುತ್ತವೆ, ಇಸ್ತ್ರಿಯ ಬಿಸಿಗೆ ಮುರುಟುತ್ತವೆ. ಉಡುವ ಉದ್ದೇಶಕ್ಕಾದರೆ ಕೋಟೇ ಸರಿ.

ಕೋಟನ್ನು ಪ್ರತಿ ಸೀಸನ್ನಿಗೂ ಡ್ರೈಕ್ಲೀನ್ ಮಾಡಿಸುವ ಅಗತ್ಯವಿಲ್ಲ. ಹಾಕಿ ಬಂದ ಮೇಲೆ ಬ್ರಷ್ಷು, ಒಂದು ರಾತ್ರಿ ಗಾಳಿ, ಕಲೆಯಾದಾಗ ಮಾತ್ರ ಅಂಗಡಿ. ಕೊಡುವಾಗ 'ಪ್ರೆಸ್ ಬೇಡ, ಹಬೆ ಮಾತ್ರ' ಎಂದು ಚೀಟಿಯಲ್ಲಿ ಬರೆಸಿ. ಗುಂಡಿಗಳಿಗೆ ಬಟ್ಟೆ ಹೊದಿಸಿದ್ದರೆ ಸರಿ, ಪ್ಲಾಸ್ಟಿಕ್ಕಿನದಾದರೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕೊಡುವುದು ಒಳ್ಳೆಯದು.

ಲಂಡನ್, ಟೊರೊಂಟೊ ಕಡೆಯ ಕನ್ನಡಿಗರಿಗೆ ಇದು ಚಳಿಗಾಲವಿಡೀ ಮೈಮೇಲಿರುವ ಬಟ್ಟೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹತ್ತು ದಿನ ಹಾಕಿದರೆ ಹೆಚ್ಚು, ಅದೂ ಬಿಸಿಲೇರುವ ತನಕ. ವಿದೇಶದಿಂದ ಇಲ್ಲಿಗೆ ತರಿಸುವವರು ಹಣ ಕಟ್ಟುವ ಮುಂಚೆ ಕಸ್ಟಮ್ಸ್ ನಿಯಮ, ಸುಂಕ ಎರಡನ್ನೂ ವಿಚಾರಿಸಿಕೊಳ್ಳಬೇಕು. ಊರಿನಲ್ಲಿ ಇಟ್ಟುಕೊಳ್ಳುವ ದೊಡ್ಡ ತೊಂದರೆ ಮಳೆಗಾಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಉಣ್ಣೆ ಶ್ರಾವಣ ಬರುವಷ್ಟರಲ್ಲಿ ಬೂಸಲು ಹಿಡಿದಿರುತ್ತದೆ. ತೊಳೆದ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ತಿಂಗಳಿಗೊಮ್ಮೆ ಬಿಸಿಲಿದ್ದ ದಿನ ನೆರಳಲ್ಲಿ ಹರಡಿ. ನುಸಿಗುಳಿಗೆ ಇಡುವುದಾದರೆ ಗುಂಡಿಗೆ ತಾಗದ ಹಾಗೆ ಪ್ರತ್ಯೇಕ ಚೀಲದಲ್ಲಿ. ಹೊಸದಾಗಿ ಕೊಂಡ ಹಳೇ ಕೋಟನ್ನು ಬೀರುವಿಗೆ ಸೇರಿಸುವ ಮೊದಲು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬೇಕು, ಮೊಟ್ಟೆ ಸಮೇತ ನುಸಿ ಸಾಯುತ್ತದೆ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವ ತನಕ, ಅಂದರೆ ಒಂದು ದಿನ, ಹಾಗೇ ಬಿಡಿ. ಇಲ್ಲವಾದರೆ ತಣ್ಣನೆಯ ಉಣ್ಣೆಯ ಮೇಲೆ ಗಾಳಿಯ ತೇವವೆಲ್ಲ ಕೂತು ಕೋಟು ಒದ್ದೆಯಾಗುತ್ತದೆ.